ಮಾಳಿಗೆ ಹತ್ತಿ, ಬಿಳಿ ಗೆರೆ ಹಿಡಿಯಿರಿ

ಸಂಜೆ ಐದೂವರೆ. ಒಣಹಾಕಿದ ಸಂಡಿಗೆ ಒಳಗೆ ತರಲು ಮಾಳಿಗೆ ಹತ್ತಿದ್ದೀರಿ. ಪಕ್ಕದ ಮನೆಯ ಹುಡುಗ “ಆಂಟೀ, ರಾಕೆಟ್ ನೋಡಿ, ರಾಕೆಟ್!” ಎಂದು ಕೂಗುತ್ತಾನೆ. ತಲೆ ಎತ್ತಿದರೆ, ಸೀಮೆಸುಣ್ಣದಿಂದ ಎಳೆದ ಹಾಗೆ ಆಕಾಶದುದ್ದಕ್ಕೂ ಒಂದು ಬಿಳಿ ಗೆರೆ. ಒಂದು ಗಳಿಗೆ ನೋಡಿ, ಮೊರ ಎತ್ತಿಕೊಂಡು ಇಳಿದುಬಿಡುತ್ತೀರಿ, ಅಲ್ಲವೇ?

ನಾನೂ ಹಾಗೇ ಇಳಿದುಬಿಡುತ್ತಿದ್ದೆ. ೨೦೧೯ರಲ್ಲಿ ಮಗಳು ಕೆಲಸಕ್ಕೆಂದು ಜರ್ಮನಿಗೆ ಹೋದಳು. ಮೊದಮೊದಲು ಫೋನಿನಲ್ಲಿ ಮಾತು ಮುಗಿಯುತ್ತಲೇ ಇರಲಿಲ್ಲ. ಕೆಲವು ತಿಂಗಳಾಗುವಷ್ಟರಲ್ಲಿ “ಊಟ ಆಯ್ತಾ?” “ಆಯ್ತು.” “ಏನು ಅಡಿಗೆ?” “ಅದೇ, ಅನ್ನ ಸಾರು.” ಆಮೇಲೆ ಇಬ್ಬರೂ ಸುಮ್ಮನೆ. ಅವಳ ಆಫೀಸಿನ ಸಂಗತಿ ನನಗೆ ತಿಳಿಯದು, ನಮ್ಮ ಓಣಿಯ ಸುದ್ದಿ ಅವಳಿಗೆ ಬೇಡ. ಹೆತ್ತ ಮಗಳ ಜೊತೆ ಮಾತೇ ತೀರಿಹೋದರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಒಂದು ಸಂಜೆ ಬೇರೇನೂ ತೋಚದೆ, ಆ ಬಿಳಿ ಗೆರೆಯ ಚಿತ್ರವನ್ನೇ ಮೊಬೈಲಿನಲ್ಲಿ ತೆಗೆದು ಕಳಿಸಿದೆ. ಚಿತ್ರ ಸೊಟ್ಟಗಿತ್ತು, ಮೂಲೆಯಲ್ಲಿ ನನ್ನ ಹೆಬ್ಬೆರಳೂ ಬಂದಿತ್ತು! ಮರುದಿನ ಅವಳಿಂದಲೂ ಒಂದು ಚಿತ್ರ ಬಂತು. ಅವಳ ಕಿಟಕಿಯಾಚೆ ಒಂದಲ್ಲ, ಎಂಟು ಹತ್ತು ಗೆರೆಗಳು, ಅಡ್ಡಾದಿಡ್ಡಿ. “ಅಮ್ಮಾ, ಇಲ್ಲಿ ಇಷ್ಟೊಂದು ಇವೆ, ನಮ್ಮೂರಲ್ಲಿ ಯಾಕೆ ಒಂದೇ?” ಎಂದು ಕೇಳಿದ್ದಳು. ಉತ್ತರ ಹುಡುಕುತ್ತಾ ನಾವಿಬ್ಬರೂ ಕಲಿತದ್ದನ್ನು ಈ ಸಲ ನಿಮ್ಮ ಮುಂದಿಡುತ್ತೇನೆ.

ಅದು ರಾಕೆಟ್ಟೂ ಅಲ್ಲ, ಬರೀ ಹೊಗೆಯೂ ಅಲ್ಲ. ವಿಷ ಸಿಂಪಡಿಸುತ್ತಾರೆಂದು ಮೊಬೈಲಿನಲ್ಲಿ ಹರಿದಾಡುವ ಮಾತಂತೂ ಶುದ್ಧ ಸುಳ್ಳು. ವಿಮಾನದಲ್ಲಿ ಒಂದು ಕಿಲೋ ಇಂಧನ ಉರಿದರೆ ಸುಮಾರು ಒಂದೂಕಾಲು ಕಿಲೋ ನೀರು ಹಬೆಯಾಗಿ ಹೊರಬರುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಚಳಿಯಲ್ಲಿ, ಆ ಹಬೆ ಸಣ್ಣ ಸಣ್ಣ ಮಂಜಿನ ಹರಳಾಗುತ್ತದೆ. ಕುಕ್ಕರಿನ ಮೂತಿಯನ್ನು ಗಮನಿಸಿದ್ದೀರಾ? ಮೂತಿಯ ಹತ್ತಿರ ಏನೂ ಕಾಣದು, ಸ್ವಲ್ಪ ಮೇಲೆ ಹೋದಮೇಲೆ ಹಬೆ ಬೆಳ್ಳಗಾಗುತ್ತದೆ. ಗೆರೆಯೂ ಹಾಗೇ, ವಿಮಾನದ ಬಾಲಕ್ಕೆ ಅಂಟಿಕೊಳ್ಳದೆ ಒಂದಿಷ್ಟು ಹಿಂದಿನಿಂದ ಶುರುವಾಗುತ್ತದೆ.

ಚಳಿ ದೇಶದಲ್ಲಿ ಅಂಥ ತಣ್ಣನೆಯ ಗಾಳಿ ಕೆಳಗೇ ಸಿಗುತ್ತದೆ, ವಿಮಾನಗಳೂ ಹೆಚ್ಚು. ನಮ್ಮ ಬಿಸಿಲು ನಾಡಿನಲ್ಲಿ ಅದು ಇನ್ನೂ ಮೇಲೆ. ಆದ್ದರಿಂದ ಬಲು ಎತ್ತರದಲ್ಲಿ ಹೋಗುವ ವಿಮಾನ ಮಾತ್ರ ಇಲ್ಲಿ ಗೆರೆ ಬಿಡುತ್ತದೆ.

ಹಾಗಾದರೆ ಚಿತ್ರ ತೆಗೆಯಲು ಒಳ್ಳೆಯ ಜಾಗ ಯಾವುದು? ವಿಮಾನ ನಿಲ್ದಾಣದ ಹತ್ತಿರ ಹೋಗಬೇಕೆಂದು ನಾನು ತಿಳಿದಿದ್ದೆ. ತಪ್ಪು! ದೇವನಹಳ್ಳಿಯಲ್ಲಿ ಏರುವ, ಇಳಿಯುವ ವಿಮಾನಗಳು ತಗ್ಗಿನಲ್ಲಿ, ಬೆಚ್ಚಗಿನ ಗಾಳಿಯಲ್ಲಿರುತ್ತವೆ. ಅಲ್ಲಿ ವಿಮಾನ ಕಂಡೀತು, ಗೆರೆ ಕಾಣದು. ಗೆರೆಗೆ ಬೇಕಾದದ್ದು ಎರಡು ದೊಡ್ಡ ನಗರಗಳ ನಡುದಾರಿಯ ಊರು. ಅಂದರೆ ನಮ್ಮಂಥ ಊರು! ಮಕ್ಕಳ ಭೂಪಟ ಹರಡಿ, ಹೂ ಕಟ್ಟುವ ದಾರವನ್ನು ಮುಂಬಯಿಯಿಂದ ಚೆನ್ನೈಗೆ ಹಿಡಿಯಿರಿ. ಅದು ವಿಜಯಪುರ, ಲಿಂಗಸುಗೂರಿನ ಮೇಲೆ ಹಾದುಹೋಗುತ್ತದೆ. ದೆಹಲಿಯಿಂದ ಕೊಚ್ಚಿಗೆ ಹಿಡಿದರೆ ನಮ್ಮ ಹೊಸಪೇಟೆ–ಬಳ್ಳಾರಿಯ ನಡುವೆ. ವಿಮಾನ ದಾರದಷ್ಟು ನೇರ ಹೋಗದಿದ್ದರೂ ಅಂದಾಜು ಸಿಗುತ್ತದೆ. ಮೊಬೈಲಿನ ಫ್ಲೈಟ್‌ರೇಡಾರ್೨೪ರಲ್ಲಿ ನೋಡಿದರೆ ಯಾವ ವಿಮಾನ ಎಷ್ಟು ಎತ್ತರದಲ್ಲಿ ಬರುತ್ತಿದೆ ಎಂಬುದೂ ತಿಳಿಯುತ್ತದೆ. ೩೫,೦೦೦ ಅಡಿ ದಾಟಿದ್ದರೆ ಆಸೆ ಇಟ್ಟುಕೊಳ್ಳಿ.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವುದು ಬೇಡ. ನಿಮ್ಮ ಮಾಳಿಗೆಯೇ ಸಾಕು. ಕರೆಂಟಿನ ತಂತಿ ಅಡ್ಡ ಬಂದರೆ ಕೆರೆ ಏರಿಗೆ ಹೋಗಿ, ನೀರಿನಲ್ಲೂ ಗೆರೆ ಮೂಡುತ್ತದೆ. ಬರೀ ಗೆರೆ ತೆಗೆದರೆ ಎಲ್ಲ ಚಿತ್ರವೂ ಒಂದೇ. ಕೆಳಗೆ ತೆಂಗಿನ ಗರಿಯೋ, ಗುಡಿಯ ಗೋಪುರವೋ ಇರಲಿ. ವಿಜಯಪುರದವರಿಗೆ ಗೋಲಗುಂಬಜ್ ಇದೆ, ನಮ್ಮ ಕಡೆಯವರಿಗೆ ಹಂಪಿಯ ಬಂಡೆಗಳಿವೆ!

ಇನ್ನು ಕೆಲವು ಕಿವಿಮಾತು:

ಬೆಳಿಗ್ಗೆ, ಸಂಜೆ ಓರೆ ಬಿಸಿಲಿನಲ್ಲಿ ಗೆರೆ ಹೊಂಬಣ್ಣಕ್ಕೆ ತಿರುಗುತ್ತದೆ. ಮಳೆಗಾಲ ಕಳೆದು ಆಕಾಶ ತೊಳೆದಂತಿರುವಾಗ ಪ್ರಯತ್ನಿಸಿ.

ಸದ್ದು ಬಂದ ಕಡೆ ಹುಡುಕಬೇಡಿ. ಅಷ್ಟು ಎತ್ತರದಿಂದ ಸದ್ದು ಇಳಿಯಲು ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ವಿಮಾನ ಏಳೆಂಟು ಕಿಲೋಮೀಟರ್ ಮುಂದೆ ಹೋಗಿರುತ್ತದೆ.

ಮೊಬೈಲಿನ ಗಾಜನ್ನು ಸೆರಗಿನಿಂದ ಒರೆಸಿ, ಮೊಣಕೈಯನ್ನು ಕಟ್ಟೆಗೆ ಊರಿ. ಪರದೆಯ ಮೇಲೆ ಗೆರೆಯನ್ನು ಮುಟ್ಟಿ, ಬೆಳಕು ಒಂದಿಷ್ಟು ತಗ್ಗಿಸಿ. ಸೂರ್ಯನನ್ನು ನೀರಿನ ಟ್ಯಾಂಕಿನ ಹಿಂದೆ ಮರೆಮಾಡಿಕೊಳ್ಳಿ.

ಮೇಲೆ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ! ಕಟ್ಟೆ ಇಲ್ಲದ ಮಾಳಿಗೆಯಲ್ಲಿ ಕೂತೇ ತೆಗೆಯಿರಿ.

ಗೆರೆ ಬೇಗ ಮಾಯವಾದರೆ ಮೇಲಿನ ಗಾಳಿ ಒಣಗಿದೆ ಎಂದರ್ಥ. ಹಿಂಜಿದ ಹತ್ತಿಯಂತೆ ಹರಡಿ ನಿಂತರೆ ಅಲ್ಲಿ ತೇವವಿದೆ. ಹತ್ತು ನಿಮಿಷ ಉಳಿದ ಗೆರೆಗೆ ೨೦೧೭ರಿಂದ ಮೋಡಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲೇ ಜಾಗ ಸಿಕ್ಕಿದೆ. ಇಂಥ ಗೆರೆಗಳು ರಾತ್ರಿ ಹೊತ್ತು ಭೂಮಿಯ ಶಾಖವನ್ನು ಕಂಬಳಿ ಹೊದಿಸಿದಂತೆ ತಡೆಯುತ್ತವೆ. ಚೆಂದ ಎಂದಮಾತ್ರಕ್ಕೆ ಅದನ್ನು ಮರೆಯುವಂತಿಲ್ಲ.

೨೦೨೦ರ ಬೇಸಿಗೆಗೆ ಮಗಳು ಬರಬೇಕಿತ್ತು. ಮಾರ್ಚ್ ೨೫ರಿಂದ ದೇಶದೊಳಗಿನ ಪ್ರಯಾಣಿಕರ ವಿಮಾನಗಳು ನಿಂತವು. ಹೊರದೇಶದವು ಅದಕ್ಕೂ ಮೊದಲೇ ನಿಂತಿದ್ದವು. ದಿನಾ ಸಂಜೆ ಮಾಳಿಗೆ ಹತ್ತುತ್ತಿದ್ದೆ. ಆಕಾಶ ಖಾಲಿ. ಆ ಖಾಲಿ ಆಕಾಶವನ್ನೇ ಕಳಿಸುತ್ತಿದ್ದೆ, ಅವಳೂ ತನ್ನದನ್ನು ಕಳಿಸುತ್ತಿದ್ದಳು. ಮೇ ೨೫ಕ್ಕೆ ಇಲ್ಲಿ ಹಾರಾಟ ಮತ್ತೆ ಶುರುವಾಯಿತು. ಕೆಲವು ದಿನದ ಮೇಲೆ ಒಂದು ಸಂಜೆ, ನೂಲಿನಷ್ಟು ತೆಳ್ಳನೆಯ ಒಂದು ಗೆರೆ! ಕೈ ನಡುಗಿ ಚಿತ್ರ ಮಸುಕಾಯಿತು. ಹಾಗೇ ಕಳಿಸಿದೆ. “ಅಮ್ಮಾ, ಇದನ್ನ ಅಳಿಸಬೇಡ” ಎಂದು ಬರೆದಳು. ಅವಳು ಮನೆಗೆ ಬರಲು ಮತ್ತೂ ಒಂದೂವರೆ ವರ್ಷ ಹಿಡಿಯಿತು. ಬಂದವಳು ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು ನೇರ ಮಾಳಿಗೆಗೇ ಹೋದಳು.

ಈಗಲೂ ನಮ್ಮ ಫೋನು “ಊಟ ಆಯ್ತಾ?” ಎಂದೇ ಶುರುವಾಗುತ್ತದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ.

ಇವತ್ತು ಸಂಜೆ ಸಂಡಿಗೆ ತರಲು ಹತ್ತಿದಾಗ ನೀವೂ ಐದು ನಿಮಿಷ ತಡವಾಗಿ ಇಳಿಯಿರಿ. ಹತ್ತುವ ಮುನ್ನ ಒಲೆ ಮಾತ್ರ ಆರಿಸಿರಿ!