ಹರಳೆಣ್ಣೆ ಕುಡಿಯುವ ಮುನ್ನ
ದಿನ ತುಂಬಿದರೂ ನೋವು ಕಾಣಿಸದಿದ್ದರೆ ಬಸುರಿಗೆ ಹರಳೆಣ್ಣೆ ಕುಡಿಸುವುದು ಹಳೆಯ ರೂಢಿ. ಅದರಲ್ಲಿರುವ ರಿಸಿನೋಲಿಕ್ ಆಮ್ಲ ಕರುಳಿನಂತೆ ಗರ್ಭಕೋಶವನ್ನೂ ಹಿಂಡುತ್ತದೆ ಎಂಬುದನ್ನು ಜರ್ಮನಿಯ ವಿಜ್ಞಾನಿಗಳು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು.

‘ಅಜ್ಜಿ ಹೇಳಿದ್ದೇ ಸರಿ’ ಎಂದು ಹಿಗ್ಗುವವರು ಮುಂದಿನ ಮಾತನ್ನೂ ಒಪ್ಪಬೇಕು. ಗರ್ಭಕೋಶವನ್ನು ಹಿಂಡಬಲ್ಲದ್ದು ಔಷಧಿಯೇ. ಔಷಧಿಗೆ ಅಳತೆಯಿದೆ, ಹೊತ್ತಿದೆ. ಅದು ತಪ್ಪಿದರೆ ವಾಂತಿ, ಭೇದಿಯಿಂದ ತಾಯಿ ಬಳಲುತ್ತಾಳೆ. ಹಿಂದೆ ಸಿಸೇರಿಯನ್ ಆಗಿದ್ದರೆ ಆ ಗಾಯದ ಗುರುತು ಬಿರಿಯುವ ಭಯವೂ ಇದೆ.

ಸೂಲಗಿತ್ತಿ ಎಣ್ಣೆ ಕುಡಿಸಿ ರಾತ್ರಿಯಿಡೀ ಪಕ್ಕದಲ್ಲೇ ಕೂತಿರುತ್ತಿದ್ದಳು. ಪುಣೆಯ ಫ್ಲ್ಯಾಟಿನಲ್ಲಿ, ಫೋನಿನಲ್ಲಿ ಕೇಳಿ ಕುಡಿಯುವವಳ ಪಕ್ಕದಲ್ಲಿ ಯಾರಿದ್ದಾರೆ? ಊರಿನಿಂದ ಎಣ್ಣೆ ಬಂದಿದೆ, ಸೂಲಗಿತ್ತಿ ಬಂದಿಲ್ಲ. ಕುಡಿಯುವ ಮೊದಲು ಅವಳು ವೈದ್ಯರಿಗೆ ಹೇಳಲಿ. ವೈದ್ಯರೂ ನಗದೆ ಕೇಳಿಸಿಕೊಳ್ಳಲಿ.