ಟೀವಿಯ ಯುದ್ಧ, ಚಾಳಿನ ಯುದ್ಧ

2025ರ ಮೇ 7ರಿಂದ 10ರ ತನಕ ನೀವೂ ಟೀವಿ ನೋಡಿರುತ್ತೀರಿ. ಪರದೆ ತುಂಬ ಗ್ರಾಫಿಕ್ಸ್ ವಿಮಾನಗಳು, ಕ್ರಿಕೆಟ್ ಸ್ಕೋರಿನ ಹಾಗೆ ಲೆಕ್ಕ, ಜೊತೆಗೆ ಸೈರನ್ ಸದ್ದು ಬೇರೆ! ಕೊನೆಗೆ ಸರಕಾರವೇ ಚಾನೆಲ್‌ನವರಿಗೆ, ಕಾರ್ಯಕ್ರಮಗಳಲ್ಲಿ ಸೈರನ್ ಹಾಕಬೇಡಿ, ಜನರಿಗೆ ನಿಜವಾದ ಸೈರನ್ನಿನ ಬೆಲೆ ಹೋಗುತ್ತದೆ ಅಂತ ಹೇಳಬೇಕಾಯಿತು.

ನನ್ನ ವಯಸ್ಸಿನ ಮುಂಬಯಿಗರಿಗೆ ಆ ಬೆಲೆ ಗೊತ್ತು. 1971ರ ಡಿಸೆಂಬರ್ 3ರಿಂದ 16ರ ತನಕ ನಡೆದ ಯುದ್ಧದಲ್ಲಿ ಇಲ್ಲಿ ಸಂಜೆಯಾದರೆ ಬ್ಲ್ಯಾಕೌಟ್. ಮಾಟುಂಗಾದ ಚಾಳಿನ ಒಂದೇ ಖೋಲಿಯಲ್ಲಿ ನಾವು ಏಳು ಜನ. ನಮ್ಮ ಪುಸ್ತಕಗಳಿಗೆ ಬೈಂಡು ಹಾಕಲು ತಂದಿದ್ದ ಖಾಕಿ ಕಾಗದವನ್ನು ಅಮ್ಮ ಮೈದಾ ಅಂಟು ಕಾಯಿಸಿ ಕಿಟಕಿಗೆ ಅಂಟಿಸಿದ್ದರು. ರಸ್ತೆಯಲ್ಲಿ ಗಾಡಿಗಳ ಹೆಡ್‌ಲೈಟಿಗೆ ಅರ್ಧ ಕಪ್ಪು ಬಣ್ಣ. ಭೋಂಗಾ ಕೂಗಿದರೆ ಸ್ಟೋವೂ ಆರಬೇಕು, ಅನ್ನ ಅರ್ಧ ಬೆಂದು ಕೂರುತ್ತಿತ್ತು. ಓದು ಇಲ್ಲ ಅಂತ ನಾವು ಮಕ್ಕಳಿಗೆ ಒಳಗೊಳಗೇ ಖುಷಿ!

ದೊಡ್ಡವರ ಪಾಡು ಬೇರೆ. ಪಕ್ಕದ ಖೋಲಿಯ ಮರಾಠಿ ಕಾಕೂ ಅವರ ಮಗ ನೌಕಾಪಡೆಯಲ್ಲಿದ್ದ. ಡಿಸೆಂಬರ್ 9ರ ರಾತ್ರಿ ದೀವ್ ಹತ್ತಿರ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಸುದ್ದಿ ತಿಳಿದಾಗ ಆ ಹುಡುಗ ಯಾವ ಹಡಗಿನಲ್ಲಿದ್ದಾನೆ ಅಂತ ಕಾಕೂಗೇ ಗೊತ್ತಿರಲಿಲ್ಲ. ಅವನ ಕಾರ್ಡು ಬರುವ ತನಕ ನಮ್ಮ ಸಾಲಿನಲ್ಲಿ ಯಾರೂ ರೇಡಿಯೋ ದೊಡ್ಡದಾಗಿ ಹಾಕಲಿಲ್ಲ. ಢಾಕಾದಲ್ಲಿ ಶರಣಾಗತಿಯಾದ ದಿನ ಚಾಳಿನಲ್ಲೆಲ್ಲ ಪೇಢೆ ಹಂಚಿದರು. ಕಾಕೂ ಬಾಗಿಲಿಗೆ ಮಾತ್ರ ಅಮ್ಮ ಪೇಢೆ ಇಲ್ಲದೆ ಹೋಗಿ ಸ್ವಲ್ಪ ಹೊತ್ತು ಕೂತು ಬಂದರು. ಹುಡುಗ ಕ್ಷೇಮ ಅನ್ನುವ ಕಾರ್ಡು ಬಂದದ್ದು ಆಮೇಲೆ.

ದೇಶ ತನ್ನನ್ನು ಕಾಯ್ದುಕೊಳ್ಳಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸೋಫಾದ ಮೇಲೆ ಕೂತು ‘ಇನ್ನೂ ಹೊಡೀರಿ’ ಎಂದು ಕೂಗುವವರು, ಎದುರು ಫ್ಲ್ಯಾಟಿನಲ್ಲಿ ಮಗನನ್ನು ಗಡಿಗೆ ಕಳಿಸಿದವರು ಯಾರಾದರೂ ಇದ್ದಾರಾ ಅಂತ ಒಮ್ಮೆ ವಿಚಾರಿಸಲಿ. ಚಾಳಿನಲ್ಲಿ ಅದನ್ನು ಕೇಳುವ ಅಗತ್ಯವೇ ಇರಲಿಲ್ಲ, ಎಲ್ಲರಿಗೂ ಎಲ್ಲರ ಮನೆ ಗೊತ್ತಿತ್ತು.

1971 ಕಂಡವರು ಈಗ ಅರುವತ್ತು ದಾಟಿದ್ದೇವೆ. ವಿಮಾನ, ಕ್ಷಿಪಣಿಗಳ ಕಥೆಯನ್ನು ಮೊಮ್ಮಕ್ಕಳಿಗೆ ಟೀವಿ ಹೇಳುತ್ತದೆ. ಕಾಕೂ ಕಾರ್ಡಿಗಾಗಿ ಕಾದ ಕಥೆ ನಾವೇ ಹೇಳಬೇಕು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ, ಏನಂತೀರಿ?