ವಿದ್ಯಾರ್ಥಿಯ ಹೊತ್ತು, ಮನೆಯವರ ಹೊಣೆ

ಗೃಹಸ್ಥನು ತನ್ನ ಮನೆಯಲ್ಲಿ ಎಷ್ಟು ಚೀಲ ಜೋಳವಿದೆ, ಎಷ್ಟು ಚೀಲ ತೊಗರಿಯಿದೆ ಎಂಬುದನ್ನು ಕೇಳಿದೊಡನೆ ಹೇಳಬಲ್ಲನು. ಆದರೆ ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ದಿನವೊಂದಕ್ಕೆ ಓದಲು ಎಷ್ಟು ಹೊತ್ತು ಉಳಿಯುತ್ತದೆಂದು ಕೇಳಿದರೆ ಲೆಕ್ಕ ಕೊಡಬಲ್ಲವರು ವಿರಳ. ಧಾನ್ಯವು ತೀರಿದರೆ ಸಂತೆಯಿಂದ ತರಬಹುದು. ಕಳೆದ ಹೊತ್ತನ್ನು ಮಾರುವ ಸಂತೆಯು ಎಲ್ಲಿಯೂ ಇಲ್ಲ. ಆದಕಾರಣ ಈ ತಿಂಗಳು ಕಾಲೇಜು ವಿದ್ಯಾರ್ಥಿಗಳ ಹೊತ್ತಿನ ವಿನಿಯೋಗವನ್ನು ಕುರಿತು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಗಳನ್ನು ಉದ್ದೇಶಿಸಿ, ನಾಲ್ಕು ಮಾತುಗಳನ್ನು ಬರೆಯಲಿಚ್ಛಿಸುತ್ತೇವೆ.

ಕಲಬುರಗಿಯು ಇಂದು ವಿದ್ಯೆಯ ಪಟ್ಟಣವಾಗಿದೆ. ೧೯೫೮ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಹುಟ್ಟಿತು; ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು; ೨೦೦೯ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ಬಂದ ೩೭೧ ಜೆ ವಿಧಿಯು ಈ ಸೀಮೆಯ ಮಕ್ಕಳಿಗೆ ವಿದ್ಯಾಲಯಗಳಲ್ಲಿಯೂ ಸರಕಾರಿ ಉದ್ಯೋಗಗಳಲ್ಲಿಯೂ ಮೀಸಲು ಸ್ಥಾನಗಳನ್ನು ಕಲ್ಪಿಸಿಕೊಟ್ಟಿದೆ. ಬಾಗಿಲು ತೆರೆದಿರುವುದು ನಿಜ. ಆದರೆ ಪದವಿಯನ್ನು ಬೇಡುವ ಉದ್ಯೋಗಗಳ ಮಟ್ಟಿಗೆ, ಪದವಿಯನ್ನು ಮುಗಿಸಿದವರಿಗೆ ಮಾತ್ರವೇ ಆ ಬಾಗಿಲಿನಿಂದ ಪ್ರಯೋಜನವುಂಟು. ನಡುವೆ ಬಿಟ್ಟವರಿಗೆ ಅದು ಇದ್ದೂ ಇಲ್ಲದಂತೆಯೇ ಸರಿ.

ಈಗ ಕಮಲಾಪುರದ ಕಡೆಯ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಕಮಲಾಪುರವು ಹುಮನಾಬಾದ ರಸ್ತೆಯ ಮೇಲೆ ಕಲಬುರಗಿಗೆ ಸುಮಾರು ನಲವತ್ತು ಕಿಲೋಮೀಟರು ದೂರದಲ್ಲಿದೆ. ಹುಡುಗಿಯು ದಿನಾಲು ಬಸ್ಸಿನಲ್ಲಿ ನಗರದ ಕಾಲೇಜಿಗೆ ಬಂದು ಸಂಜೆಗೆ ಮರಳುತ್ತಾಳೆ. ೨೦೨೩ನೆಯ ಇಸವಿಯ ಜೂನ್ ೧೧ರಿಂದ ಶಕ್ತಿ ಯೋಜನೆಯ ಮೂಲಕ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣವು ಉಚಿತವಾದುದರಿಂದ ಹಣದ ವೆಚ್ಚವು ತಪ್ಪಿತು. ಹೊತ್ತಿನ ವೆಚ್ಚವು ತಪ್ಪಲಿಲ್ಲ. ಹೋಗಲು ಒಂದು ತಾಸು, ಬರಲು ಒಂದು ತಾಸು, ಎರಡೂ ಕಡೆ ಬಸ್ಸು ಕಾಯುವುದಕ್ಕೆ ಒಂದು ತಾಸು ಎಂದಿಟ್ಟುಕೊಂಡರೆ ದಿನಕ್ಕೆ ಮೂರು ತಾಸುಗಳಾದವು. ವಾರಕ್ಕೆ ಆರು ದಿನಗಳಂತೆ ಹದಿನಾರು ವಾರಗಳಿಗೆ ಗುಣಿಸಿದರೆ ೨೮೮ ತಾಸುಗಳು. ಅಂದರೆ ಹನ್ನೆರಡು ಹಗಲು, ಹನ್ನೆರಡು ರಾತ್ರಿಗಳು ಪೂರ್ತಿಯಾಗಿ ರಸ್ತೆಯ ಪಾಲಾದಂತಾಯಿತು.

ಉಳಿದುದನ್ನೂ ಲೆಕ್ಕ ಮಾಡೋಣ. ನಿದ್ರೆಗೆ ಏಳು ತಾಸು, ಕಾಲೇಜಿಗೆ ಆರು, ಪ್ರಯಾಣಕ್ಕೆ ಮೂರು, ಸ್ನಾನ ಭೋಜನಾದಿಗಳಿಗೆ ಎರಡು, ಒಟ್ಟು ಹದಿನೆಂಟು. ಉಳಿದವು ಆರು. ಅವುಗಳಲ್ಲಿ ರೊಟ್ಟಿ ಬಡಿಯುವುದಕ್ಕೂ ನೀರು ತುಂಬುವುದಕ್ಕೂ ಕಸ ಮುಸುರೆಗೂ ಮೂರು ತಾಸು ಹೋದರೆ ಓದಿಗೆ ಉಳಿಯುವುದು ಮೂರೇ ತಾಸು. ಅದೂ ಮನೆಗೆ ನೆಂಟರು ಬಾರದ, ಯಾರಿಗೂ ಜ್ವರವಿಲ್ಲದ ದಿನದ ಲೆಕ್ಕವು. ಅದೇ ಮನೆಯ ಮಗನಿಗೆ ಆರು ತಾಸುಗಳೂ ಉಳಿದಾವು. ಆದರೆ ಅವನ ಹೊತ್ತು ಮೊಬೈಲಿಗೂ ಕಟ್ಟೆಯ ಹರಟೆಗೂ ಸಲ್ಲುವುದುಂಟು. ಒಬ್ಬಳಿಗೆ ಹೊತ್ತಿಲ್ಲ, ಒಬ್ಬನಿಗೆ ಹೊತ್ತಿದ್ದೂ ಕ್ರಮವಿಲ್ಲ. ಇಬ್ಬರಿಗೂ ಬೇಕಾದುದು ಯಾವುದು ಮುಂದು, ಯಾವುದು ಹಿಂದು ಎಂಬ ವಿವೇಕವು.

ಈ ವಿವೇಕಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಶಾಸ್ತ್ರಕಾರರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಭಾಗಿಸಿದ್ದಾರೆ. ದಿನದಿನವೂ ತಪ್ಪದೆ ಮಾಡತಕ್ಕದ್ದು ನಿತ್ಯವು. ಕಾರಣವೊಂದು ಒದಗಿದಾಗ ಮಾಡತಕ್ಕದ್ದು ನೈಮಿತ್ತಿಕವು. ಫಲವೊಂದನ್ನು ಬಯಸಿ ಇಚ್ಛೆಯಿಂದ ಮಾಡುವುದು ಕಾಮ್ಯವು. ವಿದ್ಯಾರ್ಥಿಯ ಪಾಲಿಗೆ ಅಂದಿನ ಪಾಠವನ್ನು ಅಂದೇ ಮನನ ಮಾಡುವುದು, ಹಿತವಾದ ಆಹಾರ, ಸಾಕಷ್ಟು ನಿದ್ರೆ ಇವು ನಿತ್ಯಗಳು. ಪರೀಕ್ಷೆ, ಒಪ್ಪಿಸಬೇಕಾದ ಬರಹ, ಮನೆಯ ಮದುವೆ, ಹೋಳಿಯ ತರುವಾಯ ಬರುವ ಶರಣಬಸವೇಶ್ವರರ ಜಾತ್ರೆ ಇವು ನೈಮಿತ್ತಿಕಗಳು. ಚಲಚ್ಚಿತ್ರ, ಮೊಬೈಲಿನ ವಿನೋದ, ಗೆಳೆಯರ ಕೂಟ ಇವು ಕಾಮ್ಯಗಳು. ಕಾಮ್ಯವು ಪಾಪವಲ್ಲ, ಆದರೆ ನಿತ್ಯವನ್ನು ಮುಗಿಸಿದ ಮೇಲೆಯೇ ಅದಕ್ಕೆ ಎಡೆ. ಈಗಿನ ಮನೆಗಳಲ್ಲಿ ಬಹುಮಟ್ಟಿಗೆ ಕಾಮ್ಯವು ನಿತ್ಯದ ಪೀಠವನ್ನೇರಿ ಕುಳಿತಿದೆ. ನಿತ್ಯವು ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ನೆನಪಿಗೆ ಬರುವ ನೈಮಿತ್ತಿಕವಾಗಿದೆ.

ಎರಡು ಕಾರ್ಯಗಳು ಒಂದೇ ಹೊತ್ತಿಗೆ ಕರೆದರೆ ಏನು ಮಾಡಬೇಕು? ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದನ್ನು ನಾಳೆ ಮಾಡಿದರೆ ಕೆಡುವುದೇ? ಇದನ್ನು ಬೇರೆಯವರು ಮಾಡಬಲ್ಲರೇ? ನಮ್ಮ ಸೀಮೆಯಲ್ಲಿ ತೊಗರಿಯ ಕಟಾವು ಡಿಸೆಂಬರ್ ಜನವರಿಗಳಲ್ಲಿ ಬರುತ್ತದೆ. ಕಾಲೇಜಿನ ಪರೀಕ್ಷೆಯೂ ಕೆಲವೊಮ್ಮೆ ಅದೇ ದಿನಗಳಲ್ಲಿ ಬಂದೊದಗುತ್ತದೆ. ರಾಶಿಯ ಕೆಲಸಕ್ಕೆ ಕೂಲಿಯಾಳು ಸಿಕ್ಕಾನು, ನೆರೆಯವರು ಮುಯ್ಯಾಳಾಗಿ ಬಂದಾರು. ಮಗಳ ಪರೀಕ್ಷೆಯನ್ನು ಬರೆಯಲು ಅವಳ ಹೊರತು ಯಾರೂ ಇಲ್ಲ. ಅಲ್ಲಿ ಪರೀಕ್ಷೆಯೇ ಮುಂದು. ಆದರೆ ಪರೀಕ್ಷೆಗೆ ಇನ್ನೂ ಹದಿನೈದು ದಿನಗಳಿದ್ದು, ಕೊಯ್ದ ಬೆಳೆಯು ಹೊಲದಲ್ಲಿರುವಾಗ ಮೋಡ ಕವಿದರೆ, ಒಂದು ದಿನ ಪುಸ್ತಕವನ್ನು ಮುಚ್ಚಿಟ್ಟು ಹೊಲಕ್ಕೆ ಹೋಗುವುದೇ ಧರ್ಮವು. ಅಮೇರಿಕದ ಅಧ್ಯಕ್ಷನಾಗಿದ್ದ ಐಸೆನ್‌ಹೋವರನು ೧೯೫೪ರ ಒಂದು ಭಾಷಣದಲ್ಲಿ ಅವಸರದ ಕಾರ್ಯವೂ ಮಹತ್ತ್ವದ ಕಾರ್ಯವೂ ಬೇರೆಬೇರೆ ಎಂಬ ಅಭಿಪ್ರಾಯವನ್ನು ಹೇಳಿದ್ದನು. ಗಟ್ಟಿಯಾಗಿ ಕೂಗುವುದೆಲ್ಲ ದೊಡ್ಡ ಕಾರ್ಯವಲ್ಲ. ಮೊಬೈಲಿನ ಗಂಟೆಯು ಕೂಗುತ್ತದೆ. ಓದದೆ ಬಿಟ್ಟ ಪಾಠವು ಕೂಗುವುದಿಲ್ಲ.

ಇನ್ನು ಓದುವ ಕ್ರಮವನ್ನು ಹೇಳುವೆವು. ಒಂದು ಘಳಿಗೆಯೆಂದರೆ ೨೪ ನಿಮಿಷ. ಎರಡು ಘಳಿಗೆ ಸೇರಿದರೆ ಒಂದು ಮುಹೂರ್ತ. ೧೯೮೦ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿಯು ಟೊಮೇಟೊ ಹಣ್ಣಿನಾಕಾರದ ಅಡಿಗೆಮನೆಯ ಗಡಿಯಾರವನ್ನು ಮುಂದಿಟ್ಟುಕೊಂಡು, ೨೫ ನಿಮಿಷ ಏಕಚಿತ್ತದಿಂದ ಓದಿ, ತುಸು ವಿಶ್ರಮಿಸಿ, ಮತ್ತೆ ೨೫ ನಿಮಿಷ ಓದುವ ಪದ್ಧತಿಯನ್ನು ರೂಢಿಸಿದನು. ಅದು ಈಗ ದೇಶದೇಶಗಳಲ್ಲಿ ಪ್ರಚಾರದಲ್ಲಿದೆ. ನಮ್ಮ ಘಳಿಗೆಗೂ ಅವನ ಗಡಿಯಾರಕ್ಕೂ ಒಂದೇ ನಿಮಿಷದ ಅಂತರವು! ಮನಸ್ಸು ಒಂದೇ ವಿಷಯದಲ್ಲಿ ನಿಲ್ಲಲು ಘಳಿಗೆಯು ಒಳ್ಳೆಯ ಅಳತೆ. ಆ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರತಕ್ಕದ್ದು. ನಮ್ಮ ಬಿಸಿಲಿನ ನಾಡಿನಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳೇ ಬೆಳಿಗ್ಗೆ ೮ಕ್ಕೆ ತೆರೆದು ಮಧ್ಯಾಹ್ನದೊಳಗಾಗಿ ಮುಚ್ಚುವ ರೂಢಿಯಿರಲು, ವಿದ್ಯಾರ್ಥಿಯು ಸುಡುವ ಮಧ್ಯಾಹ್ನದಲ್ಲಿ ಕಠಿಣ ವಿಷಯವನ್ನು ಹಿಡಿಯುವುದು ಸಲ್ಲದು. ಕಠಿಣವಾದುದು ಬೆಳಗಿನ ಜಾವಕ್ಕೆ, ಸುಲಭವಾದುದು ಸಂಜೆಗೆ.

ಬಸ್ಸಿನ ಎರಡು ತಾಸುಗಳು ಪೂರ್ತಿ ನಷ್ಟವೆಂದು ಭಾವಿಸಬೇಕಾಗಿಲ್ಲ. ನೂಕುನುಗ್ಗಲಿನಲ್ಲಿ ಪುಸ್ತಕ ಹಿಡಿಯುವುದು ಕಷ್ಟ. ಆದರೆ ಕಣ್ಣು ಮುಚ್ಚಿ, ಇಂದು ಕೇಳಿದ ಪಾಠದ ಮುಖ್ಯಾಂಶಗಳಾವುವು ಎಂದು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸನು ೧೮೮೫ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ, ಕಲಿತದ್ದು ಮೊದಲ ಕೆಲವು ತಾಸುಗಳಲ್ಲಿಯೇ ಅತ್ಯಂತ ವೇಗವಾಗಿ ಮರೆತುಹೋಗುವುದೆಂದು ಗೊತ್ತಾಯಿತು. ೨೦೦೬ರಲ್ಲಿ ಅಮೇರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿದ್ವಾಂಸರು, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ಪುಸ್ತಕ ಮುಚ್ಚಿ ಸ್ಮರಿಸಿಕೊಂಡವರಿಗೆ ವಾರದ ನಂತರ ಹೆಚ್ಚು ನೆನಪಿರುವುದನ್ನು ತೋರಿಸಿಕೊಟ್ಟರು. ಇದು ನಮ್ಮ ಪಾಠಶಾಲೆಗಳ ಆವೃತ್ತಿ ಚಿಂತನದ ಕ್ರಮಕ್ಕೆ ಸಮೀಪವಾದುದೇ ಆಗಿದೆ.

ಕಮಲಾಪುರದವರಿಗೆ ಇದನ್ನು ತಿಳಿಸಲು ಬೇರೆ ದೃಷ್ಟಾಂತವೇಕೆ? ಭೌಗೋಳಿಕ ಗುರುತು ಪಡೆದ ಅವರ ಕೆಂಪು ಬಾಳೆಯು ಗೊನೆ ಕೊಡಲು ಸುಮಾರು ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ. ಹದಿನೆಂಟು ತಿಂಗಳ ನೀರನ್ನು ಒಂದೇ ರಾತ್ರಿ ಹರಿಸಿ ಮರುದಿನ ಗೊನೆ ಕಡಿಯಲು ಹೋಗುವ ತೋಟಿಗನುಂಟೇ? ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡುವವನು ಮಾಡುವುದು ಅದನ್ನೇ.

ಇನ್ನೊಂದು ಎಚ್ಚರಿಕೆಯೂ ಅವಶ್ಯವು. ಕೆಲಸಕ್ಕೆ ಎಷ್ಟು ದಿನ ಹಿಡಿಯುವುದೆಂಬ ನಮ್ಮ ಊಹೆಯು ಸಾಮಾನ್ಯವಾಗಿ ಕಡಿಮೆಯಾಗಿಯೇ ಇರುತ್ತದೆ. ೧೯೯೪ರಲ್ಲಿ ಪ್ರಕಟವಾದ ಕೆನಡಾ ದೇಶದ ಒಂದು ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ ೩೪ ದಿನಗಳಲ್ಲಿ ಮುಗಿಸುವೆವೆಂದರು. ಹಿಡಿದದ್ದು ಸುಮಾರು ೫೫ ದಿನಗಳು. ಆದುದರಿಂದ ಹತ್ತು ದಿನವೆಂದು ತೋರಿದ ಕೆಲಸಕ್ಕೆ ಹದಿನೈದು ದಿನವನ್ನಾದರೂ ಎತ್ತಿಡುವುದು ಜಾಣತನವು.

ಇಷ್ಟೆಲ್ಲವನ್ನೂ ವಿದ್ಯಾರ್ಥಿಯು ಅರಿತರೂ ಮನೆಯವರು ಒಪ್ಪದಿದ್ದರೆ ವ್ಯರ್ಥವು. ಓದಲು ಕುಳಿತ ಮಗಳನ್ನು ಘಳಿಗೆಯೊಳಗೆ ನಾಲ್ಕು ಸಲ ಕರೆದರೆ ಅವಳ ಮುಹೂರ್ತವು ಚೂರುಚೂರಾಗುತ್ತದೆ. ಚೂರುಗಳನ್ನು ಕೂಡಿಸಿದರೆ ಮತ್ತೆ ಮುಹೂರ್ತವಾಗದು. ಆಗ ಅಂಕಗಳು ಇಳಿಯುತ್ತವೆ. ಅಂಕಗಳಿಳಿದರೆ, ಇವಳಿಗೆ ಓದು ಹತ್ತಲಿಲ್ಲ, ಮದುವೆ ಮಾಡಿಬಿಡೋಣ ಎಂಬ ಮಾತು ಹುಟ್ಟುತ್ತದೆ. ಓದು ಹತ್ತಲಿಲ್ಲವೋ, ಓದಲು ಹೊತ್ತು ಕೊಡಲಿಲ್ಲವೋ ಎಂಬುದನ್ನು ತಂದೆತಾಯಿಗಳು ತಮ್ಮ ಅಂತಃಕರಣವನ್ನು ಕೇಳಿಕೊಳ್ಳಬೇಕು.

ಆದಕಾರಣ ಪ್ರತಿಯೊಂದು ಮನೆಯೂ ಮೂರು ನಿಯಮಗಳನ್ನು ಪಾಲಿಸಲೆಂದು ಬೇಡುತ್ತೇವೆ. ಮೊದಲನೆಯದು, ಕಾಲೇಜಿನ ಅವಧಿಯು ಆರಂಭವಾದೊಡನೆ ಪರೀಕ್ಷೆಯ ದಿನಗಳನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಿ, ಶುಭಕಾರ್ಯಕ್ಕೆ ರಾಹುಕಾಲವನ್ನು ನೋಡುವಂತೆ ಅವನ್ನೂ ನೋಡುವುದು. ಎರಡನೆಯದು, ಬೆಳಿಗ್ಗೆ ಒಂದು, ಸಂಜೆ ಒಂದು, ಹೀಗೆ ದಿನಕ್ಕೆ ಎರಡು ಮುಹೂರ್ತಗಳಲ್ಲಿ ಓದುವವರನ್ನು ಯಾವ ಕೆಲಸಕ್ಕೂ ಕರೆಯದಿರುವುದು. ಮೂರನೆಯದು, ಮನೆಗೆಲಸವನ್ನು ಮಗ ಮಗಳೆನ್ನದೆ ಹಂಚುವುದು. ನೀರಿನ ಕೊಡವು ಗಂಡುಹುಡುಗನ ಹೆಗಲಿಗೂ ಭಾರವಲ್ಲ. ಹೀಗಾದರೆ ಹುಡುಗಿಯು ಸಂಸಾರದ ಕೆಲಸವನ್ನು ಕಲಿಯಳೆಂದು ಕೆಲವರು ಆಕ್ಷೇಪಿಸಬಹುದು. ಹೊತ್ತನ್ನು ಅಳೆದು ಬಳಸಲು ಕಲಿತವಳಿಗಿಂತ ಸಂಸಾರವನ್ನು ಚೆನ್ನಾಗಿ ನಡಸುವವರು ಯಾರು?

ಎರಡು ಮುಹೂರ್ತಗಳೆಂದರೆ ೯೬ ನಿಮಿಷ, ಎರಡು ತಾಸಿಗೂ ಕಡಿಮೆ. ಇಷ್ಟನ್ನು ಕೊಡಲಾರದಷ್ಟು ಬಡತನವು ಯಾವ ಮನೆಗೂ ಇಲ್ಲ. ಶುಲ್ಕವನ್ನು ಸಾಲಮಾಡಿಯಾದರೂ ತುಂಬುವ ತಂದೆತಾಯಿಗಳು ಸಾಲವಿಲ್ಲದೆ ಕೊಡಬಹುದಾದ ಈ ದಾನವನ್ನು ಇಂದಿನ ಸಂಜೆಯಿಂದಲೇ ಆರಂಭಿಸಲಿ. ಅಲಂ ವಿಸ್ತರೇಣ.